ಮನೆಯಲ್ಲೇ ಇದ್ದೂ ಮನೆಮಂದಿಗೆ ಸಿಗದ ಸಿನಿಮಾ



ನಾನು ಸಿಂಧನೂರು ತಾಲೂಕಿನ ಸಾಲಗುಂದದವನು. ನಮ್ಮೂರಲ್ಲಿ ಸಂಜೆ ಕಟ್ಟೆಗೆ ಕೂತವರು ಕಾಲುವೆ ನೀರು, ಭತ್ತದ ರೇಟು, ಯಾರ ಮನೆಯ ಮದುವೆ ಎಲ್ಲ ಮುಗಿಸಿ ಕಡೆಗೆ ಟಿವಿಯ ಸುದ್ದಿಗೆ ಬರುತ್ತಾರೆ. ಹಿರಿಯರದು ಒಂದೇ ತಕರಾರು. "ಮನಿ ಮನೀಗೆ ಡಿಶ್ ಬಂತು. ಪಿಚ್ಚರಿಗಂತನ ಬ್ಯಾರೆ ಚಾನೆಲ್ ಬಂದ್ವು. ಬೇಡರ ಕಣ್ಣಪ್ಪ ಯಾಕ ಹಾಕಂಗಿಲ್ಲ? ಸ್ಕೂಲ್ ಮಾಸ್ಟರ್ ಎಲ್ಲಿ ಹೋತು? ಮಂತ್ರಾಲಯ ಇಲ್ಲೇ ಐತಿ, ಮಂತ್ರಾಲಯ ಮಹಾತ್ಮೆ ಮಾತ್ರ ಕಾಣವಲ್ದು." ಪಕ್ಕದಲ್ಲಿ ಮೊಬೈಲ್ ನೋಡುತ್ತ ಕೂತ ಹುಡುಗ ತಲೆ ಎತ್ತದೆಯೇ ಹೇಳುತ್ತಾನೆ: "ಅವನ್ನ ಈಗ ಯಾರ್ ನೋಡ್ತಾರ ಮುತ್ಯಾ?"

ಮುತ್ಯಾನ ಪ್ರಶ್ನೆಗೆ ಹುಡುಗನ ಮಾತೇ ಉತ್ತರ ಅಂತ ಬಹಳ ಜನ ನಂಬಿದ್ದಾರೆ. ನಾನು ನಂಬುವುದಿಲ್ಲ. ಹಳೆಯ ಚಿತ್ರ ನೋಡುವವರು ಇದ್ದಾರೆ. ಆದರೆ ನೋಡುವವರಿಗೆ ಬೆಲೆ ಕಟ್ಟುವ ಒಂದು ಲೆಕ್ಕವಿದೆಯಲ್ಲ, ಅದರಲ್ಲಿ ಮುತ್ಯಾನ ಹೆಸರು ಬಹಳ ಕೆಳಗೆ ಬರುತ್ತದೆ. ಆ ಲೆಕ್ಕದ ಹತ್ತಿರ ಹೋಗುವ ಮೊದಲು, ಸಿನಿಮಾ ಅನ್ನುವುದು ಚಾನೆಲ್ಲಿನ ಕೈಗೆ ಹೇಗೆ ಬರುತ್ತದೆ, ಬಂದ ಮೇಲೆ ಅಲ್ಲಿ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ಕನ್ನಡಕ್ಕೆ ಖಾಸಗಿ ಉಪಗ್ರಹ ವಾಹಿನಿ ಬಂದದ್ದು 1994ರಲ್ಲಿ, ಉದಯ ಟಿವಿಯಿಂದ. 2000ದಲ್ಲಿ ಈಟಿವಿ ಕನ್ನಡ ಬಂತು, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಶುರುವಿನ ಆ ವರ್ಷಗಳಲ್ಲಿ ಇಡೀ ದಿನ ತುಂಬಿಸುವಷ್ಟು ಸ್ವಂತ ಕಾರ್ಯಕ್ರಮ ಯಾರ ಹತ್ತಿರವೂ ಇರಲಿಲ್ಲ. ಸಿನಿಮಾ ಮತ್ತು ಸಿನಿಮಾ ಹಾಡುಗಳೇ ಆಧಾರ. ಹಳೆಯ ನಿರ್ಮಾಪಕರ ಮಟ್ಟಿಗೆ ಅವರ ಚಿತ್ರ ಟಾಕೀಸಿನಲ್ಲಿ ದುಡಿದು ಮುಗಿದದ್ದು. ಡಬ್ಬಿಯಲ್ಲಿ ಬಿದ್ದದ್ದಕ್ಕೆ ಯಾರೋ ದುಡ್ಡು ಕೊಡುತ್ತಾರೆ ಅಂದರೆ ಬೇಡ ಅನ್ನುವವರು ಯಾರು? ಎಷ್ಟೋ ಚಿತ್ರಗಳು ಗಂಟುಗಂಟಾಗಿ, ಎಂದೆಂದಿಗೂ ನಿಮ್ಮದೇ ಅನ್ನುವಂಥ ಕರಾರಿನ ಮೇಲೆ ಕೈ ಬದಲಾದವು. ಹೊಸ ಚಿತ್ರಗಳ ವ್ಯವಹಾರ ಹಾಗಲ್ಲ. ಒಂದು ದೊಡ್ಡ ನಟನ ಹೊಸ ಚಿತ್ರಕ್ಕೆ ಕೋಟಿಗಟ್ಟಲೆ ಕೊಡಬೇಕು, ಅದೂ ಇಂತಿಷ್ಟೇ ವರ್ಷಕ್ಕೆ. ಗಡುವು ಮುಗಿಯುವುದರೊಳಗೆ ಕೊಟ್ಟ ದುಡ್ಡು ಹುಟ್ಟಬೇಕು. ಹಾಗಾಗಿ ಅದನ್ನೇ ಹಬ್ಬಕ್ಕೊಮ್ಮೆ, ಭಾನುವಾರಕ್ಕೊಮ್ಮೆ, ಆಮೇಲೆ ವಾರದ ನಡುವೆ ಮಧ್ಯಾಹ್ನಕ್ಕೊಮ್ಮೆ ಹಾಕುತ್ತಾರೆ.

ಇದು ನಮ್ಮ ಭಾಗದ ಸುಗ್ಗಿಯಂತೆಯೇ. ಬಾಡಿಗೆಗೆ ತಂದ ಭತ್ತ ಕೊಯ್ಯುವ ಮಷಿನ್ ಹಗಲು ರಾತ್ರಿ ಲೈಟ್ ಹಾಕಿಕೊಂಡು ಗದ್ದೆಯಲ್ಲಿ ಓಡುತ್ತದೆ, ಯಾಕೆಂದರೆ ಅದಕ್ಕೆ ತಾಸಿನ ಲೆಕ್ಕ. ಸ್ವಂತ ಎತ್ತು ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತ ನಿಂತಿರುತ್ತದೆ. ಹಳೆಯ ಚಿತ್ರ ಸ್ವಂತದ್ದು. ಎಲ್ಲಿಗೂ ಹೋಗುವುದಿಲ್ಲ, ಯಾವಾಗ ಬೇಕಾದರೂ ಹಾಕಬಹುದು. ಯಾವಾಗ ಬೇಕಾದರೂ ಹಾಕಬಹುದಾದ್ದನ್ನು ಯಾವತ್ತೂ ಹಾಕದೆ ಇರುವುದು ಮನುಷ್ಯರ ಸ್ವಭಾವ, ಕಂಪನಿಗಳದೂ ಅದೇ.

ಇನ್ನು ಹಕ್ಕಿನ ಗೋಜಲು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಸಿನಿಮಾದ ಮೊದಲ ಒಡೆಯ ನಿರ್ಮಾಪಕ. ನಿರ್ದೇಶಕನೂ ಅಲ್ಲ, ನಟನೂ ಅಲ್ಲ. ಐವತ್ತು ಅರವತ್ತರ ದಶಕದ ನಿರ್ಮಾಪಕರಲ್ಲಿ ಹೆಚ್ಚಿನವರು ಇವತ್ತು ಇಲ್ಲ. ಕೆಲವರು ಸಾಲದ ಭಾರಕ್ಕೆ ನೆಗೆಟಿವ್ ಸಮೇತ ಹಕ್ಕನ್ನು ಫೈನಾನ್ಸಿಯರ್ ಕೈಗೆ ಬರೆದುಕೊಟ್ಟರು. ಕೆಲವರ ಮಕ್ಕಳು ಪಾಲಾದರು, ಆದರೆ ಸಿನಿಮಾ ಪಾಲಾಗಲಿಲ್ಲ; ಯಾರ ಹೆಸರಿಗೆ ಬಂತು ಅಂತ ಯಾರೂ ಬರೆದಿಡಲಿಲ್ಲ. 1960ರ ಕರಾರು ಪತ್ರದಲ್ಲಿ ಏರಿಯಾ ವಿತರಣೆ ಇರುತ್ತದೆ, 16 ಎಂಎಂ ಪ್ರಿಂಟ್ ಇರುತ್ತದೆ. ಉಪಗ್ರಹ ಅನ್ನುವ ಶಬ್ದ ಎಲ್ಲಿಂದ ಬರಬೇಕು? ಕರಾರು ಬರೆದ ಕಾಲಕ್ಕೆ ಬಳಕೆಯಲ್ಲೇ ಇಲ್ಲದ ಮಾಧ್ಯಮವನ್ನು ಹೆಸರಿಟ್ಟು ಬರೆಯದೆ ಹೋದರೆ ಅದರ ಹಕ್ಕು ಕೊಟ್ಟಂತಲ್ಲ ಅಂತ 2012ರ ತಿದ್ದುಪಡಿ ಹೇಳುತ್ತದೆ. ಒಂದು ಚಿತ್ರಕ್ಕೆ ಮೂವರು ಒಡೆಯರು ಎದ್ದು ಬಂದರೆ ಚಾನೆಲ್ಲಿನ ವಕೀಲರು ಏನು ಹೇಳುತ್ತಾರೆ? ಬೇರೆ ಯಾವುದಾದರೂ ಹಾಕಿರಿ ಅನ್ನುತ್ತಾರೆ.

ಹಕ್ಕು ಸರಿ ಇದೆ ಅಂತಲೇ ಇಟ್ಟುಕೊಳ್ಳೋಣ. ಚಿತ್ರ ಇರಬೇಕಲ್ಲ?

ಆ ಕಾಲದ ಕನ್ನಡ ಚಿತ್ರಗಳಲ್ಲಿ ಬಹುಪಾಲು ತಯಾರಾದದ್ದು ಮದರಾಸಿನಲ್ಲಿ. ಸ್ಟುಡಿಯೋ ಅಲ್ಲಿ, ಲ್ಯಾಬ್ ಅಲ್ಲಿ, ನೆಗೆಟಿವ್ ಉಳಿದದ್ದೂ ಅಲ್ಲೇ. ಲ್ಯಾಬಿಗೆ ಬಾಡಿಗೆ ಕಟ್ಟುವವರು ನಿಂತ ಮೇಲೆ ಡಬ್ಬಿಗಳಿಗೆ ದಿಕ್ಕಿಲ್ಲ. ಫಿಲಂ ತಣ್ಣಗೆ ಒಣಗಿದ ಕೋಣೆಯಲ್ಲಿ ಇರಬೇಕಾದ ವಸ್ತು. ಸಮುದ್ರ ದಂಡೆಯ ಸೆಕೆಯಲ್ಲಿ ಅದು ಅಂಟುತ್ತದೆ, ಮುದುಡುತ್ತದೆ, ಡಬ್ಬಿ ತೆರೆದರೆ ಹುಳಿ ವಾಸನೆ ಹೊಡೆಯುತ್ತದೆ. ಅದಕ್ಕೂ ಹಿಂದಿನ ನೈಟ್ರೇಟ್ ಫಿಲಂ ಬೆಂಕಿಗೆ ತುಪ್ಪದ ಜಾತಿ. 2003ರಲ್ಲಿ ಪುಣೆಯ ಉಗ್ರಾಣದಲ್ಲಿ ಹತ್ತಿದ ಬೆಂಕಿಯಲ್ಲಿ ದೇಶದ ಎಷ್ಟೋ ಹಳೆಯ ನೈಟ್ರೇಟ್ ರೀಲುಗಳು ಬೂದಿಯಾದವು. ಫಿಲಂನಲ್ಲಿ ಬೆಳ್ಳಿ ಇರುತ್ತದೆ ಅಂತ ತೊಳೆದು ಬೆಳ್ಳಿ ತೆಗೆದುಕೊಂಡವರೂ ಇದ್ದಾರೆ. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ, ವೈ.ವಿ. ರಾವ್ ನಿರ್ದೇಶನ, ಕೊಲ್ಹಾಪುರದಲ್ಲಿ ಚಿತ್ರೀಕರಣ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆ. ಇಷ್ಟೆಲ್ಲ ವಿವರ ಗೊತ್ತು, ಚಿತ್ರವೇ ಇಲ್ಲ. ಒಂದು ಪ್ರತಿಯೂ ಉಳಿದಿಲ್ಲ. ನಮ್ಮ ಕಡೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ದಾಟಿ ನಿಂತಿದೆ. ಆದರೆ ನಮ್ಮ ತಾತಂದಿರ ಕಾಲದ ಸಿನಿಮಾ ಮೊಮ್ಮಕ್ಕಳವರೆಗೆ ಬರಲಿಲ್ಲ.

ಪ್ರಿಂಟ್ ವಿಷಯದಲ್ಲಿ ನಮ್ಮ ಭಾಗದ ಪಾಲೂ ಒಂದಿಷ್ಟಿದೆ, ಅದನ್ನೂ ಹೇಳಿಬಿಡುತ್ತೇನೆ. ವಿತರಕರು ರಾಜ್ಯವನ್ನು ಏರಿಯಾಗಳಾಗಿ ಹಂಚಿಕೊಂಡಿದ್ದರು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಬಿಕೆಟಿ. ನಾವು ಹೈದರಾಬಾದ್ ಕರ್ನಾಟಕ ಏರಿಯಾ. ಊರುಗಳನ್ನು ಎ ಸೆಂಟರ್, ಬಿ ಸೆಂಟರ್, ಸಿ ಸೆಂಟರ್ ಅಂತ ಕರೆಯುವುದು ಅವರ ರೂಢಿ. ಬೆಂಗಳೂರಿನಲ್ಲಿ ಹೊಸದಾಗಿ ಓಡಿದ ಪ್ರಿಂಟು ಜಿಲ್ಲಾ ಕೇಂದ್ರಕ್ಕೆ, ಅಲ್ಲಿಂದ ತಾಲೂಕಿಗೆ, ಕಡೆಗೆ ಹಳ್ಳಿಯ ಟೆಂಟಿಗೆ ಬರುತ್ತಿತ್ತು. ಟೆಂಟಿನ ಹೊತ್ತಿಗೆ ಪರದೆಯ ಮೇಲೆ ಚಿತ್ರಕ್ಕಿಂತ ಗೆರೆಗಳೇ ಹೆಚ್ಚು, ಪ್ರೇಕ್ಷಕರ ಭಾಷೆಯಲ್ಲಿ ಮಳೆ. ರೀಲು ಹರಿದರೆ ಆಪರೇಟರ್ ಹರಿದಷ್ಟು ಕತ್ತರಿಸಿ ಅಂಟಿಸುತ್ತಿದ್ದ. ಪ್ರತಿ ಊರಲ್ಲೂ ಒಂದೊಂದು ಗೇಣು ಹೋಗಿ ಹೋಗಿ, ನಾಯಕ ಬಾಗಿಲು ತೆರೆದವನು ಒಳಗೆ ಬರದೆಯೇ ಕುರ್ಚಿಯಲ್ಲಿ ಕೂತಿರುತ್ತಿದ್ದ. ಸಿಂಧನೂರು, ಲಿಂಗಸುಗೂರು ಕಡೆಯ ಹಳ್ಳಿಯವರು ಚಿತ್ರ ನೋಡಿದ್ದು ಅದರ ಕಡೆಗಾಲದಲ್ಲಿ. ಆದರೂ ನೋಡಿದ್ದು ಮನಸ್ಸಿನಲ್ಲಿ ಹಾಗೇ ಕೂತಿದೆ, ಅದು ಬೇರೆ ಮಾತು.

ತೊಂಬತ್ತರ ದಶಕದಲ್ಲಿ ಚಾನೆಲ್ಲುಗಳಿಗೆ ಸಿಕ್ಕಿದ್ದು ಇಂಥ ಪ್ರಿಂಟುಗಳಿಂದ ಟೇಪಿಗೆ ಇಳಿಸಿದ ಪ್ರತಿ. ಅವತ್ತಿನ ಡಬ್ಬದಂಥ ಟಿವಿಗೆ ಅದು ಸಾಕಿತ್ತು. ಇವತ್ತು ಸಾಲಗುಂದದ ಗೋಡೆಯ ಮೇಲೂ ಮೂರಡಿ ಅಗಲದ ಚಪ್ಪಟೆ ಟಿವಿ ಇದೆ. ಅದರಲ್ಲಿ ಆ ಪ್ರತಿ ಹಾಕಿದರೆ ಮುಖಗಳು ಮಸುಕು, ಧ್ವನಿಯ ಹಿಂದೆ ಎಣ್ಣೆ ಕಾದಂಥ ಚರಪರ ಸದ್ದು. ಹಳೆಯ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕ, ಈಗಿನ ಪರದೆ ಅಗಲ. ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟರೆ ಚಿತ್ರ ಪೂರ್ತಿ ಕಾಣುತ್ತಿಲ್ಲ ಅಂತ ಫೋನ್ ಬರುತ್ತದೆ. ಹಿಗ್ಗಿಸಿದರೆ ಪಂಢರೀಬಾಯಿ ಮುಖ ಕುಂಬಳಕಾಯಿ ಆಗುತ್ತದೆ. ಮೇಲೆ ಕೆಳಗೆ ಕತ್ತರಿಸಿದರೆ ಕಿರೀಟ ಹೋಗುತ್ತದೆ. ಪೌರಾಣಿಕ ಚಿತ್ರದಲ್ಲಿ ಕಿರೀಟ ಹೋದ ಮೇಲೆ ಉಳಿಯುವುದೇನು?

ಸರಿಪಡಿಸಬಹುದು, ದುಡ್ಡು ಬೇಕು. ಎರಡೂವರೆ ತಾಸಿನ ಚಿತ್ರದಲ್ಲಿ ಸೆಕೆಂಡಿಗೆ 24ರಂತೆ 2 ಲಕ್ಷ 16 ಸಾವಿರ ಚಿತ್ರಗಳಿರುತ್ತವೆ. ಗೆರೆ ಅಳಿಸುವುದು, ಬಣ್ಣ ಸರಿಮಾಡುವುದು ಎಲ್ಲ ಆ ಒಂದೊಂದರ ಮೇಲೆ ನಡೆಯುವ ಕೆಲಸ. ನಿಯಮಗಳ ಕೆಲಸ ಬೇರೆ. 2012ರ ಅಕ್ಟೋಬರ್ 2ರಿಂದ ತಂಬಾಕಿನ ದೃಶ್ಯವಿರುವ ಹಳೆಯ ಚಿತ್ರಕ್ಕೂ ಮೊದಲಿಗೆ ಮತ್ತು ನಡುವೆ ಎಚ್ಚರಿಕೆಯ ತುಣುಕು ಸೇರಿಸಬೇಕು, ಬೀಡಿ ಸಿಗರೇಟು ಕಂಡಲ್ಲೆಲ್ಲ ಕೆಳಗೆ ಅಕ್ಷರ ಬರಬೇಕು. ಅಂದರೆ ಯಾರಾದರೊಬ್ಬರು ಕೂತು ಪೂರ್ತಿ ಚಿತ್ರ ನೋಡಿ ವಜ್ರಮುನಿ ಎಲ್ಲೆಲ್ಲಿ ಹೊಗೆ ಬಿಟ್ಟರು ಅಂತ ಗುರುತು ಹಾಕಬೇಕು. ಸೆನ್ಸಾರ್ ಪ್ರಮಾಣಪತ್ರದ ಪ್ರತಿಯನ್ನೂ ಹುಡುಕಿ ತೆಗೆಯಬೇಕು. ಇವೆಲ್ಲ ಸಣ್ಣ ಕೆಲಸಗಳೇ. ಆದರೆ ಬೆಳಗಿನ ಆರು ಗಂಟೆಯ ಒಂದು ಪ್ರಸಾರಕ್ಕೆ ಅಷ್ಟು ಕೆಲಸ ಮಾಡಿಸು ಅಂದರೆ ಮ್ಯಾನೇಜರು ಕೇಳುವ ಮೊದಲ ಪ್ರಶ್ನೆ: ಇದರಿಂದ ಎಷ್ಟು ಬರುತ್ತದೆ?

ಅಲ್ಲಿಗೆ ನೋಡುವವರಿಗೆ ಬೆಲೆ ಕಟ್ಟುವ ಲೆಕ್ಕದ ಹತ್ತಿರ ಬಂದೆವು. ಅದನ್ನು ಟಿವಿ ಬಂದ ಕಾಲದಿಂದಲೇ ನೋಡೋಣ.

ಟಿವಿ ನಮ್ಮ ಭಾಗಕ್ಕೆ ಬಂದದ್ದು ಬೆಂಗಳೂರಿಗಿಂತ ಮೊದಲು ಅಂದರೆ ಈಗಿನ ಹುಡುಗರು ನಗುತ್ತಾರೆ. ನಿಜ ಸಂಗತಿ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ನಾಸಾದಿಂದ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದ ಮೂಲಕ ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿತು. ಸೈಟ್ ಅಂತ ಆ ಪ್ರಯೋಗದ ಹೆಸರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳನ್ನು. ತಂತಿ ಜಾಲರಿಯ ದೊಡ್ಡ ಕೊಡೆ ಕಟ್ಟಿ, ಊರಿಗೊಂದು ಟಿವಿ ಇಟ್ಟು, ಬೇಸಾಯ, ಆರೋಗ್ಯ, ಮಕ್ಕಳ ಪಾಠ ತೋರಿಸಿದರು. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ಆ ವರ್ಷ ಸಂಶೋಧಕರು ಕೆಲವು ಹಳ್ಳಿಗಳಲ್ಲೇ ಮನೆ ಮಾಡಿಕೊಂಡಿದ್ದು, ಜನ ಏನು ನೋಡಿದರು, ಏನು ತಿಳಿದುಕೊಂಡರು, ಯಾವಾಗ ಎದ್ದು ಹೋದರು ಅಂತ ಬರೆದುಕೊಂಡಿದ್ದರು. ಹಳ್ಳಿಯ ನೋಡುಗನನ್ನು ಅಷ್ಟು ಹತ್ತಿರದಿಂದ ಕೇಳಿದ ಕಾಲ ಮತ್ತೆ ಬರಲಿಲ್ಲ.

ಖಾಸಗಿ ಚಾನೆಲ್ ಬಂದ ಮೇಲೆ ಎಣಿಕೆ ಕಂಪನಿಗಳ ಕೈಗೆ ಹೋಯಿತು. ಆಗಿನ ಟ್ಯಾಮ್ ಸಂಸ್ಥೆಯ ಮೀಟರುಗಳು ಇದ್ದದ್ದು ಪಟ್ಟಣ, ನಗರಗಳ ಮನೆಗಳಲ್ಲಿ. ಅಂದರೆ ಉದಯ, ಈಟಿವಿ, ಜೀ, ಸುವರ್ಣ ತಮ್ಮ ರೂಢಿಗಳನ್ನು ಗಟ್ಟಿ ಮಾಡಿಕೊಂಡ ಅಷ್ಟೂ ವರ್ಷ, ಯಾವ ಹೊತ್ತಿಗೆ ಧಾರಾವಾಹಿ, ಯಾವ ಹೊತ್ತಿಗೆ ಸಿನಿಮಾ, ಎಂಥ ಸಿನಿಮಾ ಅಂತ ತೀರ್ಮಾನಿಸಿದ ಅಷ್ಟೂ ವರ್ಷ, ಸಾಲಗುಂದದಂಥ ಊರು ಲೆಕ್ಕದಲ್ಲೇ ಇರಲಿಲ್ಲ. ಹಳ್ಳಿಯನ್ನೂ ಸೇರಿಸಿ ಎಣಿಸುವ ಬಾರ್ಕ್ ಪದ್ಧತಿ ಬಂದದ್ದು 2015ರಲ್ಲಿ. ಈಗಲೂ ಇಡೀ ದೇಶದ ಇಪ್ಪತ್ತು ಕೋಟಿಗೂ ಮೀರಿದ ಟಿವಿ ಮನೆಗಳಿಗೆ ಮೀಟರು ಇರುವುದು ಅರ್ಧ ಲಕ್ಷಕ್ಕೆ ತುಸು ಹೆಚ್ಚು ಮನೆಗಳಲ್ಲಿ. ಆ ಮನೆಗಳಲ್ಲಿ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ. ನೋಡಲು ಕೂತವರು ತಮ್ಮ ಗುಂಡಿ ಒತ್ತಬೇಕು, ಆಗ ಇಂಥ ವಯಸ್ಸಿನವರು ನೋಡಿದರು ಅಂತ ದಾಖಲಾಗುತ್ತದೆ. ಮುತ್ಯಾ ಗುಂಡಿ ಒತ್ತಲು ಮರೆತರೆ ಮುತ್ಯಾ ಟಿವಿ ನೋಡಲೇ ಇಲ್ಲ.

ಒತ್ತಿದರೂ ಏನಾಯಿತು? ಚಾನೆಲ್ ಬದುಕುವುದು ತಾಸಿಗೆ 12 ನಿಮಿಷದ ಜಾಹೀರಾತು ಮಿತಿಯೊಳಗೆ. ಆ 12 ನಿಮಿಷ ಕೊಳ್ಳುವವರು ಸೋಪು, ಶಾಂಪೂ, ಮೊಬೈಲು, ಬಂಗಾರದ ಅಂಗಡಿಯವರು. ಅವರಿಗೆ ಬೇಕಾದವರು ಹೊಸದು ಕೊಳ್ಳುವ ವಯಸ್ಸಿನವರು, ಮುಖ್ಯವಾಗಿ ಮನೆಯ ಖರ್ಚು ನೋಡುವ ಹೆಣ್ಣುಮಕ್ಕಳು. ಎಪ್ಪತ್ತು ವರ್ಷದವರು ಒಂದೇ ಬ್ರ್ಯಾಂಡಿನ ಚಹಾಪುಡಿ ಐವತ್ತು ವರ್ಷದಿಂದ ಕುಡಿಯುತ್ತಿದ್ದಾರೆ, ಅವರಿಗೆ ಜಾಹೀರಾತು ತೋರಿಸಿ ಫಲವಿಲ್ಲ ಅನ್ನುವುದು ಜಾಹೀರಾತುದಾರರ ತರ್ಕ. ಈ ತರ್ಕ ನಮ್ಮ ಮನೆಗಳನ್ನು ಕಂಡವರದಲ್ಲ. ನಮ್ಮ ಕಡೆ ಸುಗ್ಗಿಯ ದುಡ್ಡು ಬಂದಾಗ ಫ್ರಿಜ್ ತರಬೇಕೋ ಬಂಗಾರ ತರಬೇಕೋ ಅನ್ನುವ ಮಾತಿನಲ್ಲಿ ಹಿರಿಯರೇ ಕಡೆಯ ಮಾತು ಆಡುತ್ತಾರೆ. ಮುಂಬೈಯ ಕಂಪ್ಯೂಟರಿನಲ್ಲಿ ಅದಕ್ಕೆ ಒಂದು ಕಾಲಂ ಇಲ್ಲ.

ಇದರ ಮೇಲೆ ಡಬ್ಬಿಂಗ್ ಬಂತು. ಅರವತ್ತರ ದಶಕದ ವಿರೋಧಿ ಚಳವಳಿಯ ನಂತರ ಕನ್ನಡದಲ್ಲಿ ಡಬ್ಬಿಂಗ್ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಹಾಗೆ ತಡೆಯುವುದು ತಪ್ಪು ಅಂತ 2015ರಲ್ಲಿ ಸ್ಪರ್ಧಾ ಆಯೋಗ ಹೇಳಿದ ಮೇಲೆ ಬಾಗಿಲು ತೆರೆಯಿತು. ನಾನು ಡಬ್ಬಿಂಗ್ ವಿರೋಧಿಯಲ್ಲ. ಮಕ್ಕಳು ಕನ್ನಡದಲ್ಲೇ ಜಗತ್ತು ನೋಡಲಿ. ಆದರೆ ಸಿನಿಮಾಕ್ಕೆಂದೇ ಇರುವ ಚಾನೆಲ್ಲುಗಳಲ್ಲಿ, ಅಂದರೆ ಉದಯ ಮೂವೀಸ್, 2018ರ ಕಲರ್ಸ್ ಕನ್ನಡ ಸಿನಿಮಾ, 2020ರ ಜೀ ಪಿಚ್ಚರ್ ಇಂಥವುಗಳಲ್ಲಿ, ಹಳೆಯ ಚಿತ್ರಕ್ಕೆ ಸಿಗಬಹುದಾಗಿದ್ದ ಮಧ್ಯಾಹ್ನ, ತಡರಾತ್ರಿಯ ಜಾಗಕ್ಕೆ ಇನ್ನೊಬ್ಬ ಪೈಪೋಟಿಗಾರ ಬಂದ. ಬಣ್ಣವೂ ಇದೆ, ಹೊಡೆದಾಟವೂ ಇದೆ, ಪ್ರತಿಯೂ ಚೊಕ್ಕ. ತಮಾಷೆಯೆಂದರೆ ತುಂಗಭದ್ರಾ ಕಾಲುವೆಯ ನಮ್ಮ ಸೀಮೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಸಹವಾಸದಿಂದ ಎಲ್ಲರಿಗೂ ಅಷ್ಟಿಷ್ಟು ತೆಲುಗು ಬರುತ್ತದೆ. ತೆಲುಗಿನಲ್ಲಿ ಒಮ್ಮೆ ನೋಡಿ ಮುಗಿಸಿದ ಚಿತ್ರವನ್ನೇ ಕನ್ನಡದಲ್ಲಿ ಇನ್ನೊಮ್ಮೆ ನೋಡುವ ಯೋಗ ನಮ್ಮದು. ಹಿಂದಿಯವರಿಗೆ ಜೀ ಕ್ಲಾಸಿಕ್ ಅಂತ ಹಳೆಯ ಚಿತ್ರಗಳದ್ದೇ ಚಾನೆಲ್ ಇತ್ತು. ಕನ್ನಡದಲ್ಲಿ ಅಂಥದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.

ಹಳೆಯದು ಪೂರ್ತಿ ಬರುವುದೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಏಪ್ರಿಲ್ 24 ಬಂದರೆ ರಾಜಕುಮಾರ್ ಹುಟ್ಟುಹಬ್ಬ, ಸೆಪ್ಟೆಂಬರ್ 18ಕ್ಕೆ ವಿಷ್ಣುವರ್ಧನ್ ಹುಟ್ಟುಹಬ್ಬ, ಇವಲ್ಲದೆ ಶಿವರಾತ್ರಿ, ರಾಜ್ಯೋತ್ಸವ. ಆ ದಿನ ಪೆಟ್ಟಿಗೆ ತೆರೆಯುತ್ತಾರೆ. ಆದರೆ ತೆರೆದಾಗ ಬರುವುದು ಗೊತ್ತಿರುವ ಹತ್ತು ಹನ್ನೆರಡು ಹೆಸರು: ಬಬ್ರುವಾಹನ, ಭಕ್ತ ಪ್ರಹ್ಲಾದ, ಬಂಗಾರದ ಮನುಷ್ಯ, ನಾಗರಹಾವು. ಎಲ್ಲವೂ ಬಣ್ಣದವು, ಎಲ್ಲವೂ 1972ರ ಈಚಿನವು. ಎನ್. ಲಕ್ಷ್ಮೀನಾರಾಯಣರ ನಾಂದಿ ಈ ಪಟ್ಟಿಯಲ್ಲಿ ಬರುವುದಿಲ್ಲ. ಪುಟ್ಟಣ್ಣ ಕಣಗಾಲರ ಹೆಸರು ದೊಡ್ಡದು, ಆದರೆ ಅವರ ಗೆಜ್ಜೆಪೂಜೆ ಕಪ್ಪು ಬಿಳುಪು, ಪ್ರಸಾರದಲ್ಲಿ ಅದಕ್ಕೆ ಸ್ಲಾಟ್ ಇಲ್ಲ.

ಜನ ನೋಡುವುದಿಲ್ಲ ಅನ್ನುವ ಮಾತಿಗೆ ಎರಡು ಸಾಕ್ಷಿ ಎದುರು ನಿಲ್ಲುತ್ತವೆ. ಒಂದು, 2020ರ ಲಾಕ್‌ಡೌನ್. ಶೂಟಿಂಗ್ ನಿಂತು ಹೊಸ ಕಂತುಗಳು ಇಲ್ಲದಾದಾಗ ದೂರದರ್ಶನ 1987ರ ರಾಮಾಯಣವನ್ನು ಮತ್ತೆ ಹಾಕಿತು. ಏಪ್ರಿಲ್ 16ರ ಒಂದೇ ದಿನ 7.7 ಕೋಟಿ ಜನ ನೋಡಿದರು ಅಂತ ದೂರದರ್ಶನವೇ ಹೆಮ್ಮೆಯಿಂದ ಪ್ರಕಟಿಸಿತು. ಮೂವತ್ತು ವರ್ಷ ದಾಟಿದ, ಬಿಲ್ಲು ಬಾಣಗಳು ಗಾಳಿಯಲ್ಲಿ ತೇಲಿಕೊಂಡು ಬರುವ ಆ ಧಾರಾವಾಹಿಯನ್ನು ನೋಡಿದವರಲ್ಲಿ ಮೊಬೈಲ್ ಹುಡುಗರೂ ಇದ್ದರು. ಇನ್ನೊಂದು, ಟಾಕೀಸಿನ ಸಾಕ್ಷಿ. 1965ರ ಸತ್ಯ ಹರಿಶ್ಚಂದ್ರಕ್ಕೆ ಬಣ್ಣ ತುಂಬಿ 2008ರಲ್ಲಿ ಬಿಟ್ಟರು, ಕಸ್ತೂರಿ ನಿವಾಸಕ್ಕೆ 2014ರಲ್ಲಿ. 2018ರಲ್ಲಿ ನಿರ್ಮಾಪಕ ಎನ್. ವೀರಾಸ್ವಾಮಿ ಅವರ ಮನೆಯವರೇ ನಾಗರಹಾವನ್ನು ಹೊಸ ಧ್ವನಿ, ಹೊಸ ಹೊಳಪಿನಲ್ಲಿ ತಂದರು. ಟಿಕೆಟ್ ಕೊಂಡು ಜನ ನೋಡಿದರು. ನಾಗರಹಾವಿಗೆ ದುಡ್ಡು ಹಾಕಿದವರು ಮನೆತನದವರು. ಚಾನೆಲ್ ಹಾಕಲಿಲ್ಲ ಅನ್ನುವುದನ್ನು ಗಮನಿಸಿ. ಕಪ್ಪು ಬಿಳುಪಿಗೆ ಬಣ್ಣ ಬಳಿಯುವುದು ನನಗೆ ಮನಸ್ಸಿಗೆ ಬರುವುದಿಲ್ಲ, ಆ ಬೆಳಕನ್ನು ಛಾಯಾಗ್ರಾಹಕರು ಬೂದು ಬಣ್ಣಕ್ಕೆಂದೇ ಹೊಂದಿಸಿದ್ದರು. ಆದರೂ ಡಬ್ಬಿಯಲ್ಲಿ ಕೊಳೆಯುವುದಕ್ಕಿಂತ ಲೇಸು ಅಂತ ಸುಮ್ಮನಿರುತ್ತೇನೆ.

ಬಣ್ಣ ಬಳಿಯದೆಯೇ ಚಿತ್ರ ಉಳಿಸುವ ದಾರಿಗೂ ನಮ್ಮಲ್ಲೇ ಉದಾಹರಣೆಯಿದೆ. ಗಿರೀಶ ಕಾಸರವಳ್ಳಿಯವರ 1977ರ ಘಟಶ್ರಾದ್ಧ ಕಪ್ಪು ಬಿಳುಪು ಚಿತ್ರ. ಪುಣೆಯ ರಾಷ್ಟ್ರೀಯ ಸಂಗ್ರಹದಲ್ಲಿದ್ದ ಅದರ ಮೂಲ ನೆಗೆಟಿವ್ ಹಿಡಿದು ಮುಂಬೈಯ ಫಿಲಂ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಕಟ್ಟಿದ ಸಂಸ್ಥೆ ಮತ್ತಿತರರು ಸೇರಿ ದುರಸ್ತಿ ಮಾಡಿಸಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರು. ಮಲೆನಾಡಿನ ಅಗ್ರಹಾರದ ಕಥೆ ಇಟಲಿಯಲ್ಲಿ ಹೊಸದಾಗಿ ಹೊಳೆಯಿತು.

ಈಗ ಮುತ್ಯಾನ ಪಟ್ಟಿಗೆ ಬರೋಣ. ಸಿನಿಮಾದ ಕೃತಿಸ್ವಾಮ್ಯ ಅನ್ನುವುದು ನಮ್ಮ ಕಾಯ್ದೆಯ ಪ್ರಕಾರ ಬಿಡುಗಡೆಯ ಮರು ವರ್ಷದಿಂದ ಎಣಿಸಿ 60 ವರ್ಷ. ಆಮೇಲೆ ಅದು ಎಲ್ಲರದು. ಬೇಡರ ಕಣ್ಣಪ್ಪ 1954ರದು, 2014ರ ಕೊನೆಗೆ ಅವಧಿ ಮುಗಿಯಿತು. 1958ರ ಸ್ಕೂಲ್ ಮಾಸ್ಟರ್, 1960ರ ರಣಧೀರ ಕಂಠೀರವ, 1961ರ ಕಿತ್ತೂರು ಚೆನ್ನಮ್ಮ, 1963ರ ಸಂತ ತುಕಾರಾಂ, 1964ರಲ್ಲಿ ಬಂದ ನಾಂದಿ, ಚಂದವಳ್ಳಿಯ ತೋಟ, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ಅಮರಶಿಲ್ಪಿ ಜಕಣಾಚಾರಿ, ಇವೆಲ್ಲವುಗಳ ಅವಧಿ 2024ರೊಳಗೆ ತೀರಿದೆ. ಮಂತ್ರಾಲಯ ಮಹಾತ್ಮೆ 1966ರದು, ಅದಕ್ಕೆ 2026ರ ಕೊನೆ. ಪ್ರತಿ ಜನವರಿ 1ಕ್ಕೆ ಒಂದು ವರ್ಷದ ಚಿತ್ರಗಳು ಬೇಲಿ ದಾಟಿ ಈಚೆ ಬರುತ್ತವೆ. ಕಥೆ, ಹಾಡು ಬರೆದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೂ 60 ವರ್ಷ. ಹಾಗಾಗಿ ಪೂರ್ತಿ ತಂಟೆ ಇಲ್ಲದ್ದು ಅನ್ನಲಾರೆ. ಆದರೆ ಒಡೆಯ ಯಾರು, ಯಾವ ಮೊಮ್ಮಗ ಸಹಿ ಹಾಕಬೇಕು ಅನ್ನುವ ದೊಡ್ಡ ಗಂಟು ಬಿಚ್ಚಿದೆ.

ಇದರಿಂದ ಖಾಸಗಿ ಚಾನೆಲ್ಲಿಗೆ ಉತ್ಸಾಹ ಬರುತ್ತದೆ ಅಂತ ನಾನು ಭಾವಿಸುವುದಿಲ್ಲ. ಎಲ್ಲರದೂ ಆದದ್ದರ ಮೇಲೆ ದುಡ್ಡು ಹಾಕಿದರೆ ನಾಳೆ ಪಕ್ಕದ ಚಾನೆಲ್ಲಿನವನೂ ಹಾಕುತ್ತಾನೆ, ನನಗೇನು ಲಾಭ ಅಂತಲೇ ಅವರು ಕೇಳುತ್ತಾರೆ. ಅವರ ದೃಷ್ಟಿಯಲ್ಲಿ ಅದು ತಪ್ಪೂ ಅಲ್ಲ. ಈ ಕೆಲಸ ದೂರದರ್ಶನ ಚಂದನದ್ದು. ಚಂದನ ಎಲ್ಲ ಡಿಶ್‌ಗಳಲ್ಲೂ ಬರುತ್ತದೆ, ತಿಂಗಳ ಬಾಡಿಗೆ ಇಲ್ಲದ ಫ್ರೀ ಡಿಶ್‌ನಲ್ಲೂ ಬರುತ್ತದೆ. ಹಿಂದೆ ಭಾನುವಾರ ಮಧ್ಯಾಹ್ನ ಇಡೀ ದೇಶಕ್ಕೆ ಪ್ರಾದೇಶಿಕ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ತೋರಿಸಿ ರೂಢಿ ಮಾಡಿದ್ದೂ ದೂರದರ್ಶನವೇ. ವಾರಕ್ಕೊಂದು ಸಂಜೆ ಸಾಕು. ಚಿತ್ರಕ್ಕೆ ಮೊದಲು ಐದು ನಿಮಿಷ, ಯಾವ ವರ್ಷದ್ದು, ಯಾರು ಮಾಡಿದರು, ಎಲ್ಲಿ ಚಿತ್ರೀಕರಿಸಿದರು ಅಂತ ಗೊತ್ತಿರುವವರೊಬ್ಬರು ಹೇಳಲಿ. ಕಪ್ಪು ಬಿಳುಪು ಕಂಡು ಟಿವಿ ಕೆಟ್ಟಿದೆ ಅಂತ ರಿಮೋಟ್ ಎತ್ತುವ ಮಗುವಿಗೂ ಆಗ ಕೂರಲು ಒಂದು ಕಾರಣ ಸಿಗುತ್ತದೆ.

ಪ್ರತಿ ಎಲ್ಲಿಂದ ತರುವುದು ಅಂತ ಕೇಳಿದರೆ, ಪುಣೆಯಿಂದ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿಯ ಕೈಕೆಳಗಿದೆ. ಅದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಸೇರಿದ್ದು. ಚಂದನ ಪ್ರಸಾರ ಭಾರತಿಯದು. ಅದೂ ಅದೇ ಸಚಿವಾಲಯಕ್ಕೆ ಸೇರಿದ್ದು. ಫಿಲಂ ಇಟ್ಟುಕೊಂಡವರೂ ತೋರಿಸಬೇಕಾದವರೂ ಒಂದೇ ಮನೆಯವರು. ನಾನು ಈಗ ಮಾತಾಡುತ್ತಿರುವ ಈ ಆಕಾಶವಾಣಿಯ ಮೈಕೂ ಆ ಮನೆಯದೇ ಆದ್ದರಿಂದ ಸಲಿಗೆಯಿಂದ ಹೇಳುತ್ತಿದ್ದೇನೆ. ಕೇಳುಗರಲ್ಲಿ ಯಾರಾದರೂ ಚಂದನಕ್ಕೆ ಕಾಗದ ಬರೆಯುವವರಿದ್ದರೆ, ಹಳೇ ಪಿಚ್ಚರ್ ಹಾಕಿರಿ ಅಂತಷ್ಟೇ ಬರೆಯಬೇಡಿ. ಚಿತ್ರದ ಹೆಸರು ಬರೆಯಿರಿ, ಬಿಡುಗಡೆಯ ವರ್ಷ ಬರೆಯಿರಿ, 1964 ಮತ್ತು ಅದಕ್ಕೆ ಮುಂಚಿನದನ್ನೇ ಮೊದಲು ಕೇಳಿರಿ, ಪುಣೆಯಲ್ಲಿ ಪ್ರತಿ ಇದೆಯೋ ಇಲ್ಲವೋ ತಿಳಿಸಿರಿ ಅಂತಲೂ ಸೇರಿಸಿರಿ. ಇಲ್ಲ ಅಂತ ಉತ್ತರ ಬಂದರೆ ಅದನ್ನೂ ತೆಗೆದಿಡಿ. ಯಾವ ಚಿತ್ರ ಉಳಿದಿದೆ, ಯಾವುದು ಹೋಗಿದೆ ಅನ್ನುವ ಲೆಕ್ಕ ಒಬ್ಬರ ಹತ್ತಿರವಾದರೂ ಇರಬೇಕು.